ರುಚಿ ನೋಡದೆ ಕಾಯಿಸಿದ ಬೆಲ್ಲ

ಕಳೆದ ತಿಂಗಳು ಮಗಳು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಕಣ್ಣಿನ ಪೊರೆ ತೆಗೆಯಬೇಕು, ಅದಕ್ಕೆ ಮೊದಲು ರಕ್ತ ನೋಡಬೇಕು ಎಂದರು. ನರ್ಸು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ಬೆರಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ನಗು ಬಂತು.

"ಏನಜ್ಜಿ, ಸೂಜಿ ನೋಡಿ ಎಲ್ರೂ ಮುಖ ಕಿವುಚ್ತಾರೆ, ನೀವು ನಗ್ತೀರಲ್ಲ" ಅಂದಳು ಆ ಹುಡುಗಿ.

ಮಗಳು ಗಾಬರಿಯಿಂದ ನನ್ನ ಮುಖ ನೋಡಿದಳು. ನಮ್ಮವರು ತೀರಿಕೊಂಡು ಆಗ ನಾಲ್ಕು ತಿಂಗಳು. ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಅವರು ಹೋದಾಗ ಮಾತಾಡಿಸಲು ಬಂದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. "ಸಕ್ಕರೆ ಕಾಯಿಲೆ ಇತ್ತಲ್ಲ, ಅದೇ ತಿಂದು ಹಾಕ್ತು." ನನಗೆ ಮೊದಲಿನಿಂದಲೂ ಮಾತು ಕಡಿಮೆ. ಆದರೆ ಆ ಮಾತು ಸರಿಯಲ್ಲ. ಅವರು ಹೋದದ್ದು ಎಪ್ಪತ್ತಮೂರನೇ ವಯಸ್ಸಿನಲ್ಲಿ, ನಾಲ್ಕು ದಿನದ ಜ್ವರದಿಂದ. ಕಾಯಿಲೆ ಬಂದದ್ದು ನಲವತ್ತಕ್ಕೆ. ನಡುವಿನ ಮೂವತ್ತಮೂರು ವರ್ಷ ಅದು ಅವರು ಹೇಳಿದಂತೆ ಕೇಳಿಕೊಂಡು ಮನೆಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಅವರು ಹಾಗೆ ಕೂರಿಸಿದ್ದು ಒಂದೇ ಒಂದು ಚಳಿಗಾಲದಲ್ಲಿ. ಬಂದವರಿಗೆ ಆಗ ಹೇಳಲಾಗಲಿಲ್ಲ, ಈಗ ಬರೆಯುತ್ತೇನೆ.

ಹೊಸ ಪೈಸೆ ಬಂದು ಒಂದೋ ಎರಡೋ ವರ್ಷವಾಗಿತ್ತು. ಶಿಕಾರಿಪುರದಲ್ಲಿ ಕೆರೆಯ ಹತ್ತಿರ ನಮ್ಮ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ, ಮೂರೇ ಜನ. ಮಗಳು ಇನ್ನೂ ಹುಟ್ಟಿರಲಿಲ್ಲ. ನಮ್ಮವರು ಬೆಲ್ಲ ಕಾಯಿಸುವವರು. ಚಳಿಗಾಲ ಬಂತೆಂದರೆ ಊರೂರ ಗದ್ದೆಗಳಲ್ಲಿ ಆಲೆಮನೆ ಹೂಡುತ್ತಿದ್ದರು. ಕೋಣ ಕಟ್ಟಿದ ಗಾಣದಲ್ಲಿ ಕಬ್ಬು ಅರೆದು, ಆ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವುದು. ಕಬ್ಬು ಕಡಿಯಲು, ಗಾಣ ತಿರುಗಿಸಲು, ಒಲೆಗೆ ಸಿಪ್ಪೆ ತುಂಬಲು ಎಷ್ಟು ಜನ ಬೇಕಾದರೂ ಸಿಗುತ್ತಿದ್ದರು. ಆದರೆ ಕೊಪ್ಪರಿಗೆಯನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಹೇಳುವುದಕ್ಕೆ ಒಬ್ಬರೇ. ತುಸು ಮೊದಲಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತುಸು ತಡವಾದರೆ ಸೀದು ಕಪ್ಪಾಗುತ್ತದೆ. ನಮ್ಮವರು ಬೆರಳ ತುದಿಯಲ್ಲಿ ಪಾಕ ತೆಗೆದು ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, "ಇಳಿಸ್ರೋ" ಎನ್ನುತ್ತಿದ್ದರು. ನಾಲ್ಕು ಜನ ಕೋಲು ಕೊಟ್ಟು ಎತ್ತುತ್ತಿದ್ದರು. ತೊಗರ್ಸಿ ಕಡೆಯ ಊರುಗಳಿಂದ ಹಿಡಿದು ಸೊರಬ ತಾಲ್ಲೂಕಿನವರೆಗೆ ಅವರನ್ನು ಕರೆದೊಯ್ಯಲು ಗಾಡಿ ಕಳಿಸುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಅವರಿಗೆ ಬಾಯಾರಿಕೆ ಶುರುವಾಯಿತು. ಹೊತ್ತಿಗೊಂದು ತಂಬಿಗೆ ನೀರು ಕುಡಿಯುತ್ತಿದ್ದರು. ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಅಂಗಿ ಸಡಿಲವಾಯಿತು. ಹಿತ್ತಲಲ್ಲಿ ಅವರು ಒಂದಕ್ಕೆ ಹೋಗುತ್ತಿದ್ದ ಮೂಲೆಯಲ್ಲಿ ಕಟ್ಟಿರುವೆ ಮುತ್ತಿಕೊಳ್ಳುತ್ತಿದ್ದವು. ಬೇರೆ ಯಾರ ಮನೆಯಲ್ಲಾದರೂ ಅದನ್ನು ನೋಡಿ ಅನುಮಾನ ಪಡುತ್ತಿದ್ದರು. ನಮ್ಮ ಮನೆಯಲ್ಲಿ ಇರುವೆ ಹೊಸದಲ್ಲ. ಅವರ ಪಂಚೆಗೆ ಇರುವೆ, ಟವೆಲಿಗೆ ಇರುವೆ, ಆಲೆಮನೆಯಿಂದ ಬಂದ ಗಂಟಿಗೆ ಇರುವೆ.

"ಬೆಲ್ಲದ ಮೈ ಅವಂದು, ಇರುವಿ ಬರ್ದೆ ಹುಲಿ ಬರ್ತದೇನು?" ಎಂದು ನಮ್ಮತ್ತೆ ಹೆಮ್ಮೆಯಿಂದಲೇ ಹೇಳಿದರು. ಅವರ ಗಂಡನೂ ಬೆಲ್ಲ ಕಾಯಿಸಿದವರೇ. ಆಲೆಮನೆ ಶುರುವಾಗಲು ಇನ್ನೂ ಎರಡು ತಿಂಗಳಿದೆ, ಈಗ ಎಲ್ಲಿಯ ಬೆಲ್ಲ ಎಂದು ನನಗೂ ಹೊಳೆಯಲಿಲ್ಲ.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದದ್ದು ಕಾಲಿನ ಗಾಯ. ಗದ್ದೆಯಲ್ಲಿ ಕಬ್ಬಿನ ಕೂಳೆ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿತ್ತು. ಅರಿಶಿನ ಹಚ್ಚಿದ್ದಾಯಿತು, ಸೊಪ್ಪು ಅರೆದು ಕಟ್ಟಿದ್ದಾಯಿತು. ತಿಂಗಳಾದರೂ ಮಾಯಲಿಲ್ಲ. ಕೀವು ಬಂತು.

ಡಾಕ್ಟರು ಬೇರೆ ಊರಿನಿಂದ ಬಂದವರು, ದಪ್ಪ ಕನ್ನಡಕ, ಮೆಲುದನಿ. ಗಾಯ ನೋಡಿದವರು ಗಾಯದ ಮಾತೇ ಆಡದೆ, ಒಂದು ಪಿಂಗಾಣಿ ಬಟ್ಟಲು ಕೊಟ್ಟು ಮೂತ್ರ ತನ್ನಿ ಎಂದರು. ಗಾಜಿನ ನಳಿಗೆಯಲ್ಲಿ ಒಂದು ಚಮಚೆ ನೀಲಿ ನೀರು ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆ ಕೆಂಪಾಯಿತು.

"ಏನ್ರೀ ಕೆಲಸ ನಿಮ್ಮದು?"

"ಬೆಲ್ಲ ಕಾಯಿಸ್ತೀನ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ರೀ, ಪ್ರಪಂಚದಲ್ಲಿ ಇಷ್ಟೆಲ್ಲ ಕೆಲಸ ಇರುವಾಗ ಅದೇ ಸಿಕ್ಕಿತಾ ನಿಮಗೆ?"

ಆಮೇಲೆ ಅವರು ನಗಲಿಲ್ಲ. ಮೈಯಲ್ಲಿ ಸಕ್ಕರೆ ತುಂಬಿದೆ, ಅದು ಇಳಿಯದೆ ಗಾಯ ಒಣಗುವುದಿಲ್ಲ ಎಂದರು. ಬೆಲ್ಲ, ಸಕ್ಕರೆ, ಬಾಳೆಹಣ್ಣು, ಗೆಣಸು ಬಿಡಬೇಕು. ಅನ್ನ ಒಂದು ಹಿಡಿ, ರೊಟ್ಟಿ ಎರಡು, ಸೊಪ್ಪು ತರಕಾರಿ ಹೊಟ್ಟೆ ತುಂಬ. ಉಪವಾಸವೂ ಕೂಡದು, ಹೊತ್ತು ಮೀರಿಸಿ ಉಣ್ಣುವುದೂ ಕೂಡದು. ದಿನಾ ರಾತ್ರಿ ಕಾಯಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಒರೆಸಿ, ಕಣ್ಣಿಟ್ಟು ನೋಡಬೇಕು. "ಒಂದು ತಿಂಗಳು ನೋಡ್ತೀನಿ. ಇದು ಮೂಳೆಗೆ ಇಳಿದರೆ ಶಿವಮೊಗ್ಗಕ್ಕೆ ಕಳಿಸ್ತೀನಿ. ಅಲ್ಲಿ ಬೆರಳಿಗೆ ನಿಲ್ಲಿಸ್ತಾರೋ ಪಾದಕ್ಕೆ ನಿಲ್ಲಿಸ್ತಾರೋ, ನಾನು ಹೇಳಲಾರೆ."

ನನಗೆ ಓದು ಬರುತ್ತದೆ ಎಂದು ತಿಳಿದು, ಎಲ್ಲವನ್ನೂ ಚೀಟಿಯಲ್ಲಿ ಬರೆದರು. ಬಾಯಿ ಒಡೆದ ಒಂದು ಹಳೆಯ ನಳಿಗೆ, ಸ್ಪಿರಿಟ್ ದೀಪ, ಆ ಪಿಂಗಾಣಿ ಬಟ್ಟಲು, ಸೀಸೆಯಲ್ಲಿ ನೀಲಿ ನೀರು ಕೊಟ್ಟು, ದಿನ ಬಿಟ್ಟು ದಿನ ನೀವೇ ನೋಡಿ ಎಂದರು.

ಮನೆಗೆ ಬಂದ ನಮ್ಮವರು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಎಂಟು ದಿನ ಮಲಗಿಯೇ ಇದ್ದರು. ನಾನು ಹಾಗಲಕಾಯಿ ಪಲ್ಯ ಇಟ್ಟರೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು. ಕಾಫಿಗೆ ಬೆಲ್ಲ ಹಾಕದಿದ್ದರೆ ಅಂಗಳಕ್ಕೆ ಚೆಲ್ಲುತ್ತಿದ್ದರು. ಅವರಿಗೆ ಕಾಲಿನ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಾಗಿತ್ತು. ಅದನ್ನು ಒಂದು ದಿನ ಬಾಯಿಬಿಟ್ಟು ಹೇಳಿದರು.

"ಕಾಲು ಹೋದ್ರೆ ಕೋಲು ಹಿಡಿದು ನಿಂತ್ಕೋತೀನಿ. ನಾಲಿಗಿ ಕಟ್ಟಿಹಾಕಿದ್ ಮೇಲೆ ನಾನೆಂಥಾ ಬೆಲ್ಲ ಕಾಯ್ಸೋನು? ರುಚಿ ನೋಡ್ದೆ ಹದ ಹೆಂಗ್ ಹೇಳ್ಲಿ? ಈ ಸರ್ತಿ ಯಾರೂ ನನ್ನ ಕರಿಯಾಕ್ ಬರೋದ್ ಬ್ಯಾಡ."

ಚೀಟಿಯಲ್ಲಿ ಬರೆದದ್ದನ್ನು ಮಾಡುವುದು ಮಾತ್ರ ನನಗೆ ಗೊತ್ತಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಅಡಿಗೆಮನೆ ಬಾಗಿಲಲ್ಲಿ ಕೂತು, ಆಸ್ಪತ್ರೆಯಲ್ಲಿ ಕಂಡಂತೆ ನಳಿಗೆ ಹಿಡಿದೆ. ನಳಿಗೆಯೊಳಗಿನ ನೀರು ಗೊಳ್ ಎಂದು ಉಕ್ಕಿ ಹಾರಿ ಗೋಡೆಗೆ ಬಡಿಯಿತು. ಮತ್ತೆ ಹಾಕಿ ಹಿಡಿದೆ. ಮತ್ತೆ ಹಾರಿತು.

"ಉರಿ ಜಾಸ್ತಿ ಆತು" ಎಂಬ ದನಿ ಜಗಲಿಯಿಂದ ಬಂತು.

ನಾನು ತಿರುಗಿ ನೋಡಲಿಲ್ಲ.

"ನೆಟ್ಟಗ್ ಹಿಡೀಬ್ಯಾಡ, ಓರೆ ಮಾಡು. ಹಂಗಲ್ಲ ಕಣೇ. ತಳಕ್ಕೇ ಉರಿ ಕೊಟ್ರೆ ಉಕ್ದೆ ಇನ್ನೇನಾಗ್ತದೆ? ಮಗ್ಗಲಿಗ್ ಕೊಡು, ಅಲ್ಲಾಡಿಸ್ತಾ ಇರು. ಅಯ್ಯಯ್ಯ, ನಿಮ್ಮೂರಲ್ಲಿ ಆಲೆಮನೆ ಇದ್ದೂ ಇದು ಕಲೀಲಿಲ್ವೇನೇ ನೀನು?"

ಮೂರನೇ ಸಲವೂ ಹಾರಿತು. ಈ ಸಲ ಬೇಕೆಂದೇ ಹಾರಿಸಿದೆನೋ ಏನೋ, ಈಗ ನೆನಪಿಲ್ಲ. ಅವರು ಒಂಟಿ ಕಾಲಲ್ಲಿ ಕುಂಟುತ್ತ ಬಂದು, "ಕೊಡಿಲ್ಲಿ" ಎಂದು ನಳಿಗೆಯನ್ನು ಕಿತ್ತುಕೊಂಡರು. ದೀಪದ ಬತ್ತಿ ಒಂದಿಷ್ಟು ಇಳಿಸಿದರು. ನಳಿಗೆಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸುತ್ತ, ಕಣ್ಣು ಕಿರಿದು ಮಾಡಿ ಕೂತರು. ಎಂಟು ದಿನದಿಂದ ಆ ಮುಖದಲ್ಲಿ ಕಾಣದಿದ್ದ ಬಿಗಿ ಮರಳಿ ಬಂದಿತ್ತು. ನೀರು ಒಂದು ಹನಿಯೂ ಹಾರದೆ ಸಣ್ಣಗೆ ಕುದಿಯಿತು. ಇಟ್ಟಿಗೆ ಕೆಂಪಾಯಿತು. ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಂಥಾ ಅಚ್ಚು ಬೆಲ್ಲ ನೋಡೇ" ಎಂದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಹಾಲನ್ನ ಅಚ್ಚು ಮಾಡೋದ್ನ ನಮ್ಮಪ್ಪ ಕಲ್ಸಿದ. ಅಚ್ಚನ್ನ ಹಾಲು ಮಾಡೋದ್ನ ಯಾರೂ ಕಲ್ಸಲಿಲ್ಲ. ನೋಡೇಬಿಡನ" ಎಂದರು.

ಅಂದಿನಿಂದ ನಳಿಗೆ ನನ್ನ ಕೈಗೆ ಬರಲಿಲ್ಲ. ಬಣ್ಣಗಳಿಗೆ ಅವರೇ ಹೆಸರಿಟ್ಟರು. ನೀಲಿ ಇದ್ದರೆ ಹಾಲು, ಹಸಿರಾದರೆ ನೊರೆ, ಹಳದಿಯಾದರೆ ಜೋನಿ, ಅಂದರೆ ನಮ್ಮ ಸೊರಬದ ಕಡೆ ಮಾಡುವ ನೀರು ಬೆಲ್ಲ. ಕೆಂಪಾದರೆ ಅಚ್ಚು. ಡಾಕ್ಟರ ಚೀಟಿಯನ್ನು ನನ್ನಿಂದ ಎರಡೆರಡು ಸಲ ಓದಿಸಿದರು. ಆದರೆ ಬರೆದಿದ್ದಾರೆ ಎಂದು ಒಪ್ಪುವವರಲ್ಲ, ತಾವೇ ಮಾಡಿ ನೋಡಬೇಕು. ಒಂದು ದಿನ ಎರಡು ಜೋಳದ ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ ಉಂಡು ನೋಡುವುದು. ಇನ್ನೊಂದು ದಿನ ರೊಟ್ಟಿ ಬಿಟ್ಟು ಅನ್ನ ಉಂಡು ನೋಡುವುದು.

"ಅನ್ನಕ್ಕೆ ಸಿಪ್ಪೆ ಉರಿ ಕಣೇ, ಭಗ್ ಅಂತ ಏಳ್ತದೆ. ರೊಟ್ಟಿಗೆ ಕೊರಡಿನ ಉರಿ, ನಿಧಾನ. ಹೀರೆಕಾಯಿ, ಹರಿವೆ ಸೊಪ್ಪಿಗೆ ಉರಿಯೇ ಇಲ್ಲ" ಎಂದು ತೀರ್ಮಾನ ಹೇಳಿದರು. ನಾನು ಸೊರಬದ ಕಡೆಯವಳು, ಅನ್ನ ಉಂಡು ಬೆಳೆದವಳು. ರೊಟ್ಟಿ ಬಡಿಯುವುದನ್ನು ಸರಿಯಾಗಿ ಕಲಿತದ್ದು ಆ ಚಳಿಗಾಲದಲ್ಲೇ.

ನಮ್ಮತ್ತೆಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. ಮಗ ಸಣ್ಣಗಾಗಿದ್ದೇ ಉಣ್ಣದ್ದರಿಂದ ಎಂದು ಅವರ ವಾದ.

"ಏನವ್ವಾ, ನನ್ನ ಮಗ ಏನ್ ಎತ್ತಾ? ಹೊತ್ತಿಗೊಂದು ಹೊರೆ ಸೊಪ್ಪು ಹಾಕ್ತಿ?"

"ಡಾಕ್ಟರು ಹೇಳ್ಯಾರ್ರಿ ಅತ್ತೆ."

"ಆ ಡಾಕ್ಟ್ರಿಗೆ ಅವರವ್ವ ಹುಗ್ಗಿ ಮಾಡಿಹಾಕಿಲ್ಲ, ಅದ್ಕೇ ಹಂಗಾಡ್ತಾನ."

ಎಳ್ಳಮಾವಾಸ್ಯೆಯ ದಿನ ನಾನು ಬಾವಿಗೆ ಹೋಗಿ ಬರುವುದರೊಳಗೆ ಅವರು ಮಗನಿಗೆ ಒಂದು ಬಟ್ಟಲು ಬೆಲ್ಲ ಹಾಕಿದ ಗೋಧಿ ಹುಗ್ಗಿ ತಿನ್ನಿಸಿ, ಬಟ್ಟಲು ತೊಳೆದು ಬೋರಲು ಹಾಕಿಬಿಟ್ಟಿದ್ದರು. ನನಗೆ ಸುಳಿವಿಲ್ಲ. ಮರುದಿನ ಬೆಳಿಗ್ಗೆ, ನಾಲ್ಕು ಸಲದಿಂದ ಜೋನಿಗೆ ಇಳಿದಿದ್ದ ಬಣ್ಣ ಮತ್ತೆ ಅಚ್ಚಾಯಿತು. ನಮ್ಮವರು ನಳಿಗೆ ಹಿಡಿದುಕೊಂಡೇ ತಾಯಿಯ ಎದುರು ನಿಂತರು.

"ಅವ್ವ, ನಿನ್ನೆ ಹುಗ್ಗಿ ಹಾಕಿದ್ದು ಒಂದು ಬಟ್ಲೋ ಎರಡೋ?"

"ನಾನೆಲ್ಲಿ ಹಾಕೀನಿ?"

"ನಾನು ಹೇಳಿಲ್ಲಪ್ಪ, ಇದು ಹೇಳ್ತಾ ಐತಿ."

ನಮ್ಮತ್ತೆ ನಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಚಾಡಿಕೋರ ನಳಿಗಿ!" ಎಂದು ಬೈದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಮಗನ ಕಾಲಿನ ಹತ್ತಿರ ಕೂತರು. "ಒಂದು ಬಟ್ಲು ಹುಗ್ಗಿಗೆ ಇಷ್ಟು ಕೆಂಪಾಗ್ತದೇನೋ?" ಎಂದು ಕೇಳಿದರು. ಅವರ ದನಿ ಇಳಿದಿತ್ತು. ಮಾರನೆಯ ದಿನದಿಂದ ಕೆರೆ ಹಿಂದಿನ ತೋಟಗಳಿಗೆ ಹೋಗಿ ಸೊಪ್ಪು ಆರಿಸಿ ತರುವುದು ಅವರ ಕೆಲಸವಾಯಿತು. ಹೊನಗೊನ್ನೆ, ಹರಿವೆ, ಬಸಳೆ ಎಲ್ಲ ಬಂತು. ದೀಪ ಉರಿಯುವುದನ್ನೂ ಬಣ್ಣದ ನೀರನ್ನೂ ಕಂಡ ನೆರೆಮನೆಯವರು ನಮ್ಮವರ ಹೆಸರು ಹಿಡಿದು, ನಾಗಪ್ಪ ಚಿನ್ನ ಮಾಡುವ ವಿದ್ಯೆ ಕಲಿಯುತ್ತಿದ್ದಾನೆ ಎಂದು ಸುದ್ದಿ ಹಬ್ಬಿಸಿದ್ದರು. ಒಬ್ಬಾಕೆ ಬಂದು ಮೆಲ್ಲಗೆ ಕೇಳಿಯೂ ಬಿಟ್ಟಳು. "ಆಗ್ತದವ್ವ, ಆಗ್ತದ. ನಿನ್ನ ಗಂಡನ ಉಚ್ಚಿ ಒಂದು ಬಟ್ಲು ತಗೊಂಬಾ" ಎಂದರು ನಮ್ಮತ್ತೆ.

ತಿಂಗಳು ತುಂಬಿದಾಗ ಗಾಯ ಮಾಯದಿದ್ದರೂ ಆಳಕ್ಕೆ ಇಳಿದಿರಲಿಲ್ಲ. ಬಣ್ಣ ನೊರೆಗೂ ಜೋನಿಗೂ ನಡುವೆ ಆಡುತ್ತಿತ್ತು. ಡಾಕ್ಟರು ಶಿವಮೊಗ್ಗದ ಮಾತನ್ನು ಮುಂದೂಡಿದರು. ಅದೇ ವಾರ ನನ್ನ ತಮ್ಮ ಚೌಡಪ್ಪ ಬಂದ. ಚಂದ್ರಗುತ್ತಿಯ ಹತ್ತಿರ ನನ್ನ ತವರು. ಅಲ್ಲಿಯ ಆಲೆಮನೆಗೆ ಪ್ರತಿ ವರ್ಷ ನಮ್ಮವರೇ ಹೋಗಬೇಕು.

"ಭಾವ, ಕಬ್ಬು ಹೂ ಬಿಟ್ಟೈತೆ. ನೀವು ಬರ್ದಿದ್ರೆ ಕೋಣಕ್ಕೆ ಹಾಕ್ಬೇಕು, ಅಷ್ಟೇ" ಎಂದ.

"ನಾಲಿಗಿ ಇಲ್ದೋನ್ನ ಕರ್ಕೊಂಡ್ ಹೋಗಿ ಎಂತ ಮಾಡ್ತಿ ಮಾರಾಯ?"

"ನಿಮ್ ನಾಲಿಗೆ ಕಡಿಮೆ ಆದ್ರೆ ಅಕ್ಕಂಗೆ ಒಳ್ಳೇದಾತಲ್ಲ ಬಿಡಿ."

ಡಾಕ್ಟರನ್ನು ಕೇಳಿದೆವು. ಕೂತು ಮಾಡುವುದಾದರೆ ಹೋಗಲಿ, ಬೆರಳು ಬಾಯಿಗೆ ಹೋಗಬಾರದು, ಅಷ್ಟೇ ಎಂದರು. "ನೀವು ಜೊತೆಯಲ್ಲಿ ಇರಿ ಅಮ್ಮ" ಎಂದು ನನಗೆ ಹೇಳಿದರು. ನಾನು ಪೆಟ್ಟಿಗೆಗೆ ದೀಪ, ನಳಿಗೆ, ನೀಲಿ ಸೀಸೆ, ಗಾಯಕ್ಕೆ ಒಗೆದ ಬಟ್ಟೆ ಎಲ್ಲ ತುಂಬಿಕೊಂಡೆ. ಪಿಂಗಾಣಿ ಬಟ್ಟಲನ್ನು ಮಾತ್ರ ಹಿತ್ತಲಲ್ಲೇ ಮರೆತೆ.

ಚೌಡಪ್ಪ ಕೊಪ್ಪರಿಗೆಯ ಪಕ್ಕದಲ್ಲಿ ಒಂದು ಎತ್ತರದ ಕೊರಡು ಹಾಕಿಸಿದ್ದ. ನಮ್ಮವರು ಬಲಗಾಲಿಗೆ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಕೂತರು. ಮೊದಲ ಕೊಪ್ಪರಿಗೆ ಕಾದು, ನೊರೆ ಎದ್ದು, ಇಳಿದು, ಗುಳ್ಳೆಗಳು ಸಣ್ಣವಾಗಿ ನಡುವಿಗೆ ಒಟ್ಟಾದವು. ಕೋಲು ಹಿಡಿದ ನಾಲ್ವರು ಸಿದ್ಧರಾಗಿ ಅವರ ಬಾಯಿ ನೋಡುತ್ತ ನಿಂತರು. ಅಭ್ಯಾಸಬಲದಿಂದ ಅವರು ಬೆರಳ ತುದಿಯಲ್ಲಿ ಪಾಕ ತೆಗೆದರು, ಕೈ ಬಾಯಿಯ ಹತ್ತಿರ ಹೋಯಿತು. ನಾನು ಎದುರಿಗೆ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದೆ. ಅವರು ನನ್ನನ್ನು ನೋಡಿದರು. ಕೈ ಅಲ್ಲೇ ನಿಂತಿತು. ಆಮೇಲೆ ಬೆರಳನ್ನು ತಣ್ಣೀರಿನ ಮಡಕೆಗೆ ಅದ್ದಿ, ಪಾಕವನ್ನು ಎರಡು ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಎಸೆದರು. 'ಟಣ್' ಎಂದಿತು, ಉಂಡೆ ಗಟ್ಟಿಯಾಗಿತ್ತು.

"ಇಳಿಸ್ರೋ!"

ಬೆಲ್ಲ ಆರಿದ ಮೇಲೆ ಚೌಡಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು, ಮತ್ತೊಂದು ಹಾಕಿಕೊಂಡು, ಮೂರನೆಯದಕ್ಕೆ ಕೈ ಚಾಚಿದ.

"ಹೇಳೋ ಮಾರಾಯ, ಹೆಂಗಾಗೈತೆ?"

"ತಡೀರಿ ಭಾವ, ನಿಮ್ ಪಾಲಿಂದೂ ನಾನೇ ನೋಡ್ಬೇಕಲ್ಲ. ಹೋದ ವರ್ಷದ್ದಕ್ಕಿಂತ ಚಲೋ ಐತೆ!"

ಆ ಸಂಜೆ ಗಾಯ ತೊಳೆಯುವಾಗ ನಮ್ಮವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಮೂವತ್ತು ವರ್ಷ ರುಚಿ ನೋಡಿದ್ನಲ್ಲ, ಅದು ಹದಕ್ಕಲ್ಲ ಕಣೇ. ಹದ ಕಣ್ಣಿಗ್ ಮೊದ್ಲೇ ಗೊತ್ತಾಗಿರ್ತಿತ್ತು. ಬೆರಳು ಬಾಯಿಗ್ ಹೋಗ್ತಿದ್ದು ಆಸೆಗೆ."

ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ಇಲ್ಲ. ಬಂದವರು, ನಾಗಪ್ಪಣ್ಣ ನೀವೂ ಕುಡೀರಿ ಎಂದು ಒತ್ತಾಯ ಮಾಡುವುದೂ ತಪ್ಪುವುದಿಲ್ಲ. ನಮ್ಮವರು ಒಂದು ಚೊಂಬು ಮಜ್ಜಿಗೆ ಪಕ್ಕದಲ್ಲಿಟ್ಟುಕೊಂಡು, ಬಂದವರು ಹಾಲು ಎತ್ತಿದಾಗ ತಾವು ಮಜ್ಜಿಗೆ ಎತ್ತುತ್ತಿದ್ದರು. ಯಾರೂ ಕೇಳಲಿಲ್ಲ. ಬೆಳಿಗ್ಗೆ ಸಂಜೆ ನಾನು ಬುತ್ತಿಯಲ್ಲಿ ತಂದ ಎರಡು ರೊಟ್ಟಿ, ಒಂದು ಹಿಡಿ ಅನ್ನ, ಅಷ್ಟೇ.

ಪಿಂಗಾಣಿ ಬಟ್ಟಲು ಮರೆತಿದ್ದೆನಲ್ಲ, ತಮ್ಮನ ಮನೆಯ ಅಟ್ಟದಿಂದ ಒಂದು ಹಳೆಯ ಹಿತ್ತಾಳೆ ಲೋಟ ಇಳಿಸಿಕೊಂಡು ಬಚ್ಚಲ ಗೂಡಿನಲ್ಲಿ ಇಟ್ಟಿದ್ದೆ. ಒಂದು ಬೆಳಿಗ್ಗೆ ನಮ್ಮವರು ದೀಪ ಹಚ್ಚಲು ಕೂತು ಲೋಟ ಎಲ್ಲಿ ಎಂದರು. ಚೌಡಪ್ಪ ಕಾಫಿ ಕುಡಿಯುತ್ತ ನಿಂತಿದ್ದ.

"ಯಾವ್ ಲೋಟ ಅಕ್ಕ?"

"ನಿನ್ನ ಕೈಲಿರೋದು."

ಅವನು ಬಚ್ಚಲಿಗೆ ಓಡಿದ ಶಬ್ದ, ಆಮೇಲೆ ಬಾಯಿ ಮುಕ್ಕಳಿಸಿದ ಶಬ್ದ ಬಹಳ ಹೊತ್ತು ಕೇಳಿತು. "ತೊಳೆದಿಟ್ಟಿದ್ದೆ ಕಣೋ" ಎಂದರೂ ಕೇಳಲಿಲ್ಲ. ಆ ಲೋಟವನ್ನು ಬೇಲಿಯಾಚೆ ಎಸೆದು, ಆಲೆಮನೆಯಿಂದ ಒಂದು ತೆಂಗಿನ ಕರಟ ತಂದು, "ತಗಳಿ ಭಾವ, ನಿಮ್ಗಂತ್ಲೇ ಇದು. ಇದ್ರಲ್ಲಿ ಯಾರೂ ಕಾಫಿ ಕುಡಿಯಲ್ಲ" ಎಂದ.

ಅಲ್ಲಿಂದ ಮುಂದೆ ಬಣ್ಣ ಕೆಟ್ಟಿತು. ಮೊದಲ ಸಲ ಜೋನಿ. ನಮ್ಮವರು ಒಂದು ರೊಟ್ಟಿ ಕಡಿಮೆ ಮಾಡಿದರು. ಎರಡನೇ ಸಲ ಅಚ್ಚು. ಅನ್ನ ಪೂರ್ತಿ ಬಿಟ್ಟರು. ಮೂರನೇ ಸಲವೂ ಅಚ್ಚು.

ನಾನು ಹೆಚ್ಚು ಮಾತಾಡುವವಳಲ್ಲ. ಅಂದು ಮಾತಾಡಿದೆ.

"ಬೆಳಗಿಂದ ಸಂಜೆ ತನಕ ಕೊಪ್ಪರಿಗೆ ಮುಂದೆ ಕೂತಿರ್ತೀರಿ. ನಾನು ಬುತ್ತಿ ತರೋಕೆ ಹೋದಾಗ ಬೆರಳು ಎಲ್ಲಿ ಹೋಗ್ತದೋ ನಂಗೆಂತ ಗೊತ್ತು?"

"ತಿಂದಿಲ್ಲ ಕಣೇ."

"ತಿನ್ನದೇ ಕೆಂಪಾಗ್ತದಾ?"

"ನಾನು ಹೇಳಿದ್ದು ಸುಳ್ಳು, ನಳಿಗೆ ಹೇಳಿದ್ದು ಖರೇನಾ?"

"ನಳಿಗೆ ಯಾವತ್ತು ಸುಳ್ಳು ಹೇಳೈತಿ?"

ಅವರು ದೀಪ ಆರಿಸಿದರು, ನಳಿಗೆ ತೊಳೆದರು, ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. "ಇದನ್ನ ಡಾಕ್ಟ್ರಿಗ್ ವಾಪಸ್ ಕೊಡು. ತಿನ್ನದೇ ಕೆಂಪಾಗೋದಾದ್ರೆ ತಿಂದೇ ಕೆಂಪಾಗ್ಲಿ. ಚೌಡಪ್ಪ, ಒಂದು ಬಟ್ಲು ಜೋನಿ ಬೆಲ್ಲ ತಗೊಂಬಾರೋ."

ಚೌಡಪ್ಪ ನನ್ನ ಮುಖ ನೋಡಿದ. ನಾನು ತಲೆ ಎತ್ತಲಿಲ್ಲ. ಅವನು ನಿಧಾನವಾಗಿ ಒಳಗೆ ಹೋದ. ಆ ವಾರವೆಲ್ಲ ರಾತ್ರಿ ನಿದ್ದೆಗಣ್ಣಲ್ಲಿ ತೊಳೆದು ಕಟ್ಟಿದ್ದೆ, ಗಾಯವನ್ನು ಸರಿಯಾಗಿ ನೋಡಿರಲಿಲ್ಲ. ಸಿಟ್ಟಿನಲ್ಲೂ ಕೈ ತನ್ನ ಕೆಲಸ ಬಿಡಲಿಲ್ಲ. ಅವರ ಕಾಲನ್ನು ಎಳೆದುಕೊಂಡು ಬಟ್ಟೆ ಬಿಚ್ಚಿದೆ. ಬಟ್ಟೆ ಅಂಟಿರಲಿಲ್ಲ, ಸಲೀಸಾಗಿ ಬಂತು. ಕೀವಿಲ್ಲ. ಗಾಯದ ಸುತ್ತ ಎಳೆಯ ಹೊಸ ಚರ್ಮ ಕೂಡಿಕೊಂಡು, ನಡುವೆ ಕಡಲೆ ಬೇಳೆಯಷ್ಟು ಮಾತ್ರ ಉಳಿದಿತ್ತು.

ಮೈಯಲ್ಲಿ ಸಕ್ಕರೆ ಇಳಿಯದೆ ಗಾಯ ಒಣಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಲ್ಲ. ಹಾಗಾದರೆ ನಳಿಗೆಗೂ ಕಾಲಿಗೂ ಒಂದಕ್ಕೊಂದು ತಾಳೆ ಇಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

"ತಡೀರಿ" ಎಂದೆ. ಚೌಡಪ್ಪ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ. "ನೀನೂ ತಡಿ."

ಪೆಟ್ಟಿಗೆ ತೆಗೆದೆ. ಬಾವಿಯಿಂದ ಆಗ ತಾನೇ ಸೇದಿದ ನೀರನ್ನು ಕರಟಕ್ಕೆ ಹೊಯ್ದು ಸ್ವಲ್ಪ ಹೊತ್ತು ಬಿಟ್ಟೆ. ಆ ನೀರಿನಿಂದ ಎಂಟು ಹನಿ ನೀಲಿ ನೀರಿಗೆ ಬಿಟ್ಟು, ನಳಿಗೆಯನ್ನು ಅವರ ಕೈಗೆ ಕೊಟ್ಟೆ. "ಕಾಯಿಸಿ."

"ಬಾವಿ ನೀರ್ ಯಾಕೇ?"

"ಕಾಯಿಸಿ ಅಂದೆ."

ಅವರು ಕಾಯಿಸಿದರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿಯ ತಳದಲ್ಲಿ ಕೆಂಪು ಇಣುಕಿತು. ಮೂವರೂ ಬಾಯಿ ತೆರೆದು ನೋಡಿದೆವು. ಮೊದಲು ದನಿ ಬಂದದ್ದು ಚೌಡಪ್ಪನಿಗೆ.

"ಅಯ್ಯೋ ಭಾವ, ನಮ್ ಬಾವಿಗೇ ಸಕ್ಕರೆ ಕಾಯಿಲೆ!"

ಆ ಕರಟ ಎರಡು ವರ್ಷದಿಂದ ಆಲೆಮನೆಯಲ್ಲಿ ಪಾಕ ತೋಡಲು ಬಳಸಿದ್ದು. ಎಷ್ಟು ತೊಳೆದರೂ ಒಳಗಿನ ನಾರು ಬೆಲ್ಲ ಕುಡಿದು ಕೂತಿತ್ತು. ಹೊಸ ಕಾಯಿ ಒಡೆಸಿ, ಅದರ ಕರಟವನ್ನು ಒಳಗೆಲ್ಲ ಚೊಕ್ಕವಾಗಿ ಕೆರೆದು ಕುದಿಯುವ ನೀರಲ್ಲಿ ಅದ್ದಿ ತೆಗೆದು, ಮತ್ತೆ ಮೊದಲಿನಿಂದ ಮಾಡಿ ನೋಡಿದೆವು. ನಸು ಹಸಿರು. ನೊರೆಯೂ ಅಲ್ಲ, ನೊರೆ ಏಳುವ ಮುಂಚಿನದು. ನಮ್ಮವರು ಆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು, ನಳಿಗೆ ನಡುಗುವಷ್ಟು ನಕ್ಕರು. ಚೌಡಪ್ಪ ಜೋನಿ ಬೆಲ್ಲದ ಬಟ್ಟಲನ್ನು ಅಲ್ಲೇ ನಿಂತು ತಾನೇ ಖಾಲಿ ಮಾಡಿದ.

ನನಗೆ ನಗಲಾಗಲಿಲ್ಲ. ಗಾಜನ್ನು ನಂಬಿ ಮನುಷ್ಯರನ್ನು ನಂಬದೆ ಹೋಗಿದ್ದೆ.

"ತಪ್ಪಾತು" ಎಂದೆ.

"ಬಿಡೇ, ನನ್ನ ನಾಲಿಗಿನ ನಾನೇ ನಂಬ್ತಿರ್ಲಿಲ್ಲ, ನೀನೆಲ್ಲಿಂದ ನಂಬ್ತಿ?" ಎಂದರು. "ಆದ್ರೂ ಕಾಲು ಬಿಚ್ಚಿ ನೋಡಿದ್ಯಲ್ಲ. ಸಿಟ್ ಬಂದೋರು ಅದನ್ ಮಾಡಲ್ಲ" ಎಂದರು.

ಆಲೆಮನೆ ಮುಗಿಸಿ ಊರಿಗೆ ಬರುವ ಹೊತ್ತಿಗೆ ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ನೀಲಿ ನೀರಲ್ಲಿ ನೋಡಿದರು. ಬಣ್ಣ ಬದಲಾಗಲಿಲ್ಲ. ಆಮೇಲೆ ಚಪ್ಪಲಿ ಬಿಡಿಸಿ ಕಾಲನ್ನು ತಮ್ಮ ಮೊಳಕಾಲ ಮೇಲೆ ಇಟ್ಟುಕೊಂಡು, ಗಾಯವಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

"ನೋವಿದೆಯೇನ್ರೀ?"

"ಇಲ್ರಿ."

"ಎದ್ದು ನಡೀರಿ ನೋಡೋಣ."

ನಮ್ಮವರು ಎದ್ದರು. ಮೊದಲ ಹೆಜ್ಜೆ ಅಂಜುತ್ತ ಇಟ್ಟರು, ಮೂರು ತಿಂಗಳ ಕುಂಟು ಅಭ್ಯಾಸ. ಎರಡನೆಯದನ್ನು ಊರಿ ಇಟ್ಟರು. ಪಡಸಾಲೆಯ ತುದಿಯವರೆಗೆ ಹೋದರು. ತಿರುಗಿ ಬರುತ್ತಾರೆ ಎಂದುಕೊಂಡೆವು. ಅವರು ಮೆಟ್ಟಿಲು ಇಳಿದರು. ಅಂಗಳ ದಾಟಿದರು. ಗೇಟು ದಾಟಿ ರಸ್ತೆಗೆ ಹೋದರು.

"ಎಲ್ಲಿ ಹೋದರಮ್ಮ ಇವರು?" ಎಂದರು ಡಾಕ್ಟರು. ಅವರ ಕಣ್ಣು ಕೆಳಗೆ ಬಿತ್ತು. "ಚಪ್ಪಲಿ! ಅಮ್ಮ, ಚಪ್ಪಲಿ! ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು ಅಂತ ಹೇಳಿ ಅವರಿಗೆ!"

ನಾನು ಎರಡೂ ಚಪ್ಪಲಿ ಎತ್ತಿಕೊಂಡು ಓಡಿದೆ. ಪೇಟೆಯ ಬೀದಿಯಲ್ಲಿ ಗಂಡನ ಚಪ್ಪಲಿ ಕೈಯಲ್ಲಿ ಹಿಡಿದು ಓಡುವ ಹೆಂಗಸನ್ನು ಜನ ಅಂಗಡಿಯಿಂದ ಎದ್ದು ನಿಂತು ನೋಡಿದರು. "ಏನಮ್ಮ, ಅಟ್ಟಿಸ್ಕೊಂಡ್ ಹೋಗಿ ಹೊಡೀತೀಯೇನು?" ಎಂದು ಯಾರೋ ಕೂಗಿದರು. ಮುಂದೆ ಅವರು ಕೈ ಬೀಸಿಕೊಂಡು, ತಿರುಗಿಯೂ ನೋಡದೆ ನಡೆಯುತ್ತಲೇ ಇದ್ದರು. ಮನೆಯ ದಾರಿ ಬಿಟ್ಟು ಕೆರೆ ಏರಿಯ ಕಡೆ ಹೊರಳಿದರು. ಕೊನೆಗೆ ಏರಿಯ ಮೇಲೆ ಹೋಗಿ ಹಿಡಿದೆ. ನನಗೆ ಏದುಸಿರು ಬರುತ್ತಿತ್ತು.

ಅವರು ನಿಂತು ನನ್ನನ್ನೂ ನನ್ನ ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿದರು.

"ನಡೀರಿ ಅಂದ್ರು, ನಡೆದೆ. ನಿಂತ್ಕೊಳ್ಳಿ ಅನ್ಲಿಲ್ಲಲ್ಲೇ" ಎಂದರು.

ನಾನು ಬಗ್ಗಿ ಚಪ್ಪಲಿಯನ್ನು ಅವರ ಮುಂದೆ ಇಟ್ಟೆ. ಹಾಕಿಕೊಂಡರು. ಏರಿಯ ಆ ತುದಿಯವರೆಗೂ ಜೊತೆಯಲ್ಲೇ ನಡೆದೆವು.